ತುಂಬುವ ಹೊತ್ತು

ನಮ್ಮ ಕ್ಷಿಪಣಿಗೆ ಒಂದು ದೊಡ್ಡ ಕೊರತೆಯಿತ್ತು. ಅದನ್ನು ಹಾರಿಸಬೇಕೆಂದರೆ ಒಂದು ಗಂಟೆ ಮೊದಲೇ ಮನಸ್ಸು ಮಾಡಬೇಕಾಗಿತ್ತು.

ಹಾರಿದ ಮೇಲೆ ಅದು ತಡಮಾಡುವುದಿಲ್ಲ. ಸಮುದ್ರ ದಾಟಿ, ಇನ್ನೊಂದು ಖಂಡದ ಯಾವುದೋ ಊರನ್ನು ಬೂದಿ ಮಾಡಲು ಅದಕ್ಕೆ ಅರ್ಧ ಗಂಟೆ ಸಾಕು. ಆದರೆ ಹೊರಡುವ ಮುಂಚೆ ಅದರ ಹೊಟ್ಟೆ ತುಂಬಿಸಬೇಕು. ಹೊಟ್ಟೆಯೊಳಗೆ ಎರಡು ತೊಟ್ಟಿಗಳು, ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ದ್ರವ ಆಮ್ಲಜನಕ. ಸೀಮೆಎಣ್ಣೆ ಸಾಧು ಸ್ವಭಾವದ್ದು, ಸುರಿದು ಬಿಟ್ಟರೆ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ಆಮ್ಲಜನಕದ ಕಥೆಯೇ ಬೇರೆ. ಮಂಜುಗಡ್ಡೆಗಿಂತ ನೂರೆಂಬತ್ತು ಡಿಗ್ರಿ ತಣ್ಣಗಿದ್ದರೆ ಮಾತ್ರ ಅದು ದ್ರವ. ಚಳ್ಳಕೆರೆ ಸೀಮೆಯ ಬಿಸಿಲಲ್ಲಿ ಅದು ತೊಟ್ಟಿಗೆ ಬಿದ್ದ ಕ್ಷಣದಿಂದಲೇ ಕುದಿಯಲು ತೊಡಗುತ್ತದೆ. ಹಾಗಾಗಿ ಮೊದಲೇ ತುಂಬಿಸಿ ಇಡುವಂತಿಲ್ಲ. ಆಜ್ಞೆ ಬಂದಮೇಲೆ ತುಂಬಿಸಬೇಕು, ಕುದಿದು ಹೋದಷ್ಟನ್ನು ಕೊನೆಯವರೆಗೂ ಮತ್ತೆ ಮತ್ತೆ ಸುರಿಯುತ್ತಿರಬೇಕು. ಕರೇಮರಡಿ ಕ್ಷಿಪಣಿ ನೆಲೆಯಲ್ಲಿ ಈ ತುಂಬಿಸುವ ವಿಭಾಗದ ಮುಖ್ಯಸ್ಥೆ ನಾನು, ಸರ್ವಮಂಗಳಾ. ದಾವಣಗೆರೆಯವಳು, ರಸಾಯನ ಎಂಜಿನಿಯರಿಂಗ್ ಓದಿದವಳು, ಸಿಟ್ಟು ಸ್ವಲ್ಪ ಬೇಗ ಬರುವವಳು.

ಇಂಥ ಕ್ಷಿಪಣಿ ನಮಗೆ ಯಾಕೆ ಬೇಕಿತ್ತು ಎಂದು ಕೇಳಬೇಡಿ. ಸಮುದ್ರದಾಚೆಯವರ ಹತ್ತಿರ ಇತ್ತು, ಆದ್ದರಿಂದ ನಮ್ಮ ಒಕ್ಕೂಟ ಸರ್ಕಾರಕ್ಕೂ ಬೇಕಾಯಿತು. ಇದಕ್ಕಿಂತ ಉದ್ದದ ಕಾರಣವನ್ನು ನನಗೆ ಯಾರೂ ಹೇಳಲಿಲ್ಲ.

ಕುದಿಯುವ ಆಮ್ಲಜನಕ ತೊಟ್ಟಿಯ ನೆತ್ತಿಯ ಕವಾಟದಿಂದ ಹೊರಬಂದು ಗಾಳಿಯ ತೇವವನ್ನೆಲ್ಲ ಮಂಜಾಗಿಸುತ್ತಿತ್ತು. ದೂರದಿಂದ ನೋಡಿದವರಿಗೆ ಗುಡ್ಡದ ಮೇಲೆ ದಟ್ಟವಾದ ಬಿಳಿ ಹೊಗೆ ಎದ್ದಂತೆ ಕಾಣುತ್ತಿತ್ತು. ತಿಂಗಳಿಗೊಮ್ಮೆ ತುಂಬಿಸಿ ಬರಿದು ಮಾಡುವ ಅಭ್ಯಾಸವಿರುತ್ತಿತ್ತು. ಹಿಂದಿನ ದಿನ ಕೆಳಗಿನ ಹಳ್ಳಿಯಲ್ಲಿ ಡಂಗುರ ಹೊಡೆಸುತ್ತಿದ್ದರು. ಮರುದಿನ ಬಿಳಿ ಹೊಗೆ ಕಂಡ ಕೂಡಲೇ ಹಳ್ಳಿಯವರು ಕುರಿಗಳನ್ನೂ ಮಕ್ಕಳನ್ನೂ ಹೊಡೆದುಕೊಂಡು ಕೆರೆ ಏರಿಯ ಆಚೆಗೆ ಹೋಗಿ ಕೂರುತ್ತಿದ್ದರು. ಬುತ್ತಿ ಕಟ್ಟಿಕೊಂಡು ಹೋಗುವವರೂ ಇದ್ದರು. ಹೊಗೆ ನಿಂತ ಮೇಲೆ ವಾಪಸು ಬರುತ್ತಿದ್ದರು.

ಆ ಹಳ್ಳಿಯ ತಿಪ್ಪಮ್ಮ ನನಗೆ ಪರಿಚಯವಾದದ್ದು ಜಗಳದಿಂದ. ಕೈ ಕೊರೆಯುವ ಕವಾಟಗಳನ್ನು ಹಿಡಿಯಲು ನನ್ನ ಹುಡುಗರು ಅವಳ ಹತ್ತಿರ ಒಂದು ಹೊರೆ ಕರಿಕಂಬಳಿ ಕೊಂಡುತಂದಿದ್ದರು. ಕುರಿಯ ಉಣ್ಣೆಯಲ್ಲಿ ಜಿಡ್ಡಿರುತ್ತದೆ. ಜಿಡ್ಡಿಗೆ ದ್ರವ ಆಮ್ಲಜನಕ ಸೋಕಿದರೆ ಒಂದು ಸಣ್ಣ ಪೆಟ್ಟಿಗೂ ಸಿಡಿಯುತ್ತದೆ. ಅಷ್ಟನ್ನೂ ಜೀಪಿಗೆ ಹಾಕಿಸಿ ಅವಳ ಮನೆ ಮುಂದೆ ಇಳಿಸಿದೆ.

"ಯಾಕವ್ವಾ, ನನ್ ಕಂಬಳಿಗೆ ಏನಾಗೈತೆ?" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೂ ಆಗಿಲ್ಲ. ನಮ್ ಕೆಲ್ಸಕ್ಕೆ ಆಗಲ್ಲ, ಬೆಂಕಿ ಹತ್ಕೊಳ್ತದೆ."

"ಮೂರು ತಲೆಮಾರಿಂದ ನೇಯ್ತಾ ಇದೀವಿ, ನಮ್ ಕಂಬಳೀಗೆ ಹಂಗೆಲ್ಲ ಬೆಂಕಿ ಹತ್ತಾಕಿಲ್ಲ. ನಿಮ್ ಕೆಲ್ಸನೇ ಸರಿ ಇಲ್ಲ ಅಂತ ಕಾಣ್ತೈತೆ."

ಎರಡು ಕಂಬಳಿಗಳನ್ನು ನಾನೇ ಮನೆಗೆಂದು ಇಟ್ಟುಕೊಂಡ ಮೇಲೆ ಅವಳ ಮುಖ ಸಡಿಲವಾಯಿತು. ಆಮೇಲೆ ಸಂತೆಗೆ ಹೋಗುವಾಗಲೆಲ್ಲ ಕಾಲೊನಿಯ ನಮ್ಮ ಮನೆಗೆ ಬಂದು ಅತ್ತೆಯ ಜೊತೆ ಕಷ್ಟಸುಖ ಮಾತಾಡಿ ಹೋಗುತ್ತಿದ್ದಳು.

ಮನೆಯಲ್ಲಿ ಅತ್ತೆ, ನನ್ನ ಗಂಡ ರುದ್ರಮುನಿ, ಮಗಳು ಚಂಪಾ. ರುದ್ರಮುನಿ ನೆಲೆಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಅತ್ತೆಗೆ ನನ್ನ ಕೆಲಸದ ಮೇಲೆ ಒಂದೇ ತಕರಾರು.

"ಈ ಪಂಪ್ ಸ್ಟೋವಿಗೆ ಹಾಕೋ ಸೀಮೆಎಣ್ಣೇನೇ ಏನೇ ನಿಮ್ ಕ್ಷಿಪಣಿಗೂ ಹಾಕೋದು?"

"ಅದೇ ಅತ್ತೆ. ಸ್ವಲ್ಪ ಜಾಸ್ತಿ ಸೋಸಿರ್ತೀವಿ."

"ಮತ್ತೆ ಸೊಸೈಟಿನಾಗೆ ನಂಗೆ ಎರಡು ಲೀಟ್ರು ಕೊಡಾಕೆ ಪ್ರಾಣ ಹೋದಂಗೆ ಆಡ್ತಾರಲ್ಲ? ಅದೆಂಥ ದೇವರಿಗೆ ಅಷ್ಟೊಂದು ಅಭಿಷೇಕ ಮಾಡ್ತೀರೋ!"

ನಾನು ನಗುತ್ತಿದ್ದೆ. ಆಗ ನಗುವುದು ಸುಲಭವಿತ್ತು.

ಸೇನೆಯ ಕಡೆಯಿಂದ ನೆಲೆಯ ಹೊಣೆ ಹೊತ್ತವರು ಕರ್ನಲ್ ಉತ್ತಯ್ಯ, ಮಡಿಕೇರಿಯವರು. ಮಾತು ಕಡಿಮೆ, ಮೀಸೆ ಹೆಚ್ಚು. ಆ ಒಂದು ಗಂಟೆಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಮೇಡಂ, ಆಚೆಯವರು ಹಾರಿಸಿದ್ದು ಅರ್ಧ ಗಂಟೆಗೆ ಇಲ್ಲಿ ಬೀಳುತ್ತೆ. ನೀವಿನ್ನೂ ತುಂಬಿಸ್ತಾ ಇರ್ತೀರಿ. ನಡುಬಯಲಲ್ಲಿ ಬಟ್ಟೆ ಬಿಚ್ಚಿಟ್ಟು ಸ್ನಾನಕ್ಕೆ ನಿಂತ ಹಾಗೆ ನಮ್ಮ ಸ್ಥಿತಿ" ಎನ್ನುತ್ತಿದ್ದರು.

ಅದಕ್ಕಾಗಿಯೇ ಎರಡನೆಯ ಎಂಜಿನ್ನು ಶುರುವಾದದ್ದು. ಅದೂ ನನ್ನದೇ ಕೈಯ ಕೆಲಸ. ಆಮ್ಲಜನಕವನ್ನೇ ಬಿಟ್ಟುಬಿಡುವುದು, ಅದರ ಬದಲು ನೈಟ್ರಿಕ್ ಆಮ್ಲದ ಜಾತಿಯ ಒಂದು ದ್ರವ, ಸೀಮೆಎಣ್ಣೆಯ ಬದಲು ಹೈಡ್ರಝೀನ್ ಜಾತಿಯ ಇನ್ನೊಂದು. ಎರಡೂ ವಿಷ, ಎರಡೂ ಬಿಸಿಲಿಗೆ ಜಗ್ಗುವುದಿಲ್ಲ. ತೊಟ್ಟಿಗಳಿಗೆ ತುಂಬಿಸಿ, ನೆಲದೊಳಗಿನ ಬಾವಿಯಲ್ಲಿ ನಿಲ್ಲಿಸಿ, ಮುಚ್ಚಳ ಹಾಕಿ ಮರೆತುಬಿಡಬಹುದು. ಬೇಕಾದಾಗ ಕವಾಟ ತೆರೆದರೆ ಒಂದನ್ನೊಂದು ಮುಟ್ಟಿದ ಕೂಡಲೇ ಬೆಂಕಿಕಡ್ಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತವೆ. ಒಂದು ಗಂಟೆಯ ಕೆಲಸ ಒಂದು ನಿಮಿಷಕ್ಕೆ ಇಳಿಯುತ್ತದೆ.

ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಪರೀಕ್ಷೆಯ ಕಟ್ಟೆಗೆ ಬಿಗಿದು ಉರಿಸಿದರೆ ಎಂಜಿನ್ನು ಕಿರುಚುತ್ತಿತ್ತು. ಒಳಗಿನ ಬೆಂಕಿ ಒಂದು ಗೋಡೆಯಿಂದ ಇನ್ನೊಂದಕ್ಕೆ ತುಯ್ದಾಡಲು ಹಿಡಿಯುತ್ತಿತ್ತು, ತುಯ್ದಾಟ ತನ್ನಷ್ಟಕ್ಕೆ ತಾನೇ ಬೆಳೆಯುತ್ತಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಉಕ್ಕಿನ ಗೋಡೆ ಹರಿದು ಚೂರು ಗುಡ್ಡದ ತುಂಬ ಬೀಳುತ್ತಿತ್ತು. ಎಷ್ಟು ಎಂಜಿನ್ನುಗಳನ್ನು ಹೀಗೆ ಕಳೆದುಕೊಂಡೆವೋ. ಕೊನೆಗೆ ದ್ರವಗಳು ಚಿಮ್ಮುವ ತೂತಿನ ತಟ್ಟೆಯ ಮೇಲೆ ತಾಮ್ರದ ಅಡ್ಡಪಟ್ಟಿಗಳನ್ನು ನಿಲ್ಲಿಸಿದೆವು. ಕೊಡದ ನೀರು ತುಳುಕದಿರಲೆಂದು ಮೇಲೆ ಒಂದು ಹಿಡಿ ಹೊಂಗೆ ಸೊಪ್ಪು ತೇಲಿಬಿಡುತ್ತಾರಲ್ಲ, ಆ ಪಟ್ಟಿಗಳದ್ದೂ ಅದೇ ಕೆಲಸ. ಆದರೆ ಎಷ್ಟು ಪಟ್ಟಿ, ಎಷ್ಟು ಎತ್ತರ, ಎಲ್ಲೆಲ್ಲಿ ಎಂದು ಕಂಡುಕೊಳ್ಳುವಷ್ಟರಲ್ಲಿ ಚಂಪಾ ಅಂಗನವಾಡಿಯಿಂದ ಮೂರನೇ ಕ್ಲಾಸಿಗೆ ಬಂದಿದ್ದಳು.

ಕಿರುಚದೆ ಉರಿದ ದಿನ ನಾನು ಕಂಟ್ರೋಲ್ ರೂಮಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಒಂದೇ ಶ್ರುತಿಯಲ್ಲಿ, ಸ್ವಲ್ಪವೂ ನಡುಗದೆ, ದ್ರವ ಮುಗಿಯುವವರೆಗೂ ಗರ್ಜಿಸಿತು. ಬದುಕಿನಲ್ಲಿ ಅಷ್ಟು ಖುಷಿ ನನಗೆ ಬಹಳ ಸಲ ಆಗಿಲ್ಲ. ನೆಲೆಯ ನಿರ್ದೇಶಕರಾದ ಡಾಕ್ಟರ್ ನರಹರಿ ಐತಾಳರು ಕೋಟದವರು. ಹೊಗಳಿಕೆಯಲ್ಲಿ ಬಹಳ ಜಿಪುಣರು. ಅವರೇ ಎದ್ದು ಬಂದು, "ಗೆದ್ದಿರಿ ಮಾರಾಯ್ರೆ" ಎಂದರು. ಉಳಿದದ್ದು ಒಂದೇ, ಸಮಿತಿಯ ಮುಂದೆ ಶಿಫಾರಸು ಪತ್ರಕ್ಕೆ ನನ್ನ ರುಜು. ಹೊಸ ಕ್ಷಿಪಣಿಗಳನ್ನು ತೊಟ್ಟಿ ತುಂಬಿಸಿಯೇ, ಸದಾ ಸಿದ್ಧವಾಗಿ ನಿಲ್ಲಿಸಬಹುದು ಎಂದು ಎಂಜಿನ್ನು ಮಾಡಿದವಳು ಹೇಳಬೇಕಿತ್ತು.

ಸಮಿತಿ ಸೇರುವ ಹಿಂದಿನ ವಾರ, ಹೊತ್ತು ನೆತ್ತಿಗೇರುವ ಸಮಯ, ಸೈರನ್ ಕೂಗಿತು. ಅಭ್ಯಾಸದ ಸೈರನ್ನು ನಿಲ್ಲಿಸಿ ನಿಲ್ಲಿಸಿ ಕೂಗುತ್ತದೆ. ಇದು ಒಂದೇ ಉಸಿರಿಗೆ ಕೂಗುತ್ತಲೇ ಇತ್ತು.

ನೆಲಮಾಳಿಗೆಯ ಕಂಟ್ರೋಲ್ ರೂಮಿಗೆ ಓಡಿದೆ. ಕರ್ನಲ್ ಆಗಲೇ ತಮ್ಮ ಮೇಜಿನೆದುರು ನಿಂತಿದ್ದರು, ಹಾರಿಸುವ ಕೀಲಿ ಅದರ ಕಿಂಡಿಯಲ್ಲಿತ್ತು. ಕರಾವಳಿಯಲ್ಲಿ ಹೊಸದಾಗಿ ಶುರುವಾಗಿದ್ದ ರಾಡಾರ್ ಠಾಣೆಯಿಂದ ಫೋನು. ಅಲ್ಲಿನ ಅಧಿಕಾರಿ ಲೋಬೋ ಎಂಬವರ ದನಿ ಸ್ಪೀಕರಿನಲ್ಲಿ ಕೇಳುತ್ತಿತ್ತು. ಸಮುದ್ರದ ಮೇಲಿಂದ ಏನೋ ಒಂದು ಭಾರಿ ವೇಗದಲ್ಲಿ ಎದ್ದು ಬಂದು, ನಮ್ಮ ತಲೆಯ ಮೇಲೆ ಹಾದು, ಉತ್ತರಕ್ಕೆ ರಾಜಧಾನಿಯ ಕಡೆ ಹೋಗಿದೆ. ವಿಮಾನವಲ್ಲ, ವಿಮಾನಕ್ಕೆ ಆ ಎತ್ತರವೂ ಇಲ್ಲ, ಆ ವೇಗವೂ ಇಲ್ಲ.

"ರಾಜಧಾನಿ ಸಿಕ್ಕಿತೇನ್ರಿ?" ಕರ್ನಲ್ ಕೇಳಿದರು.

"ನೇರ ಲೈನು ಸತ್ತಿದೆ ಸರ್. ಟ್ರಂಕ್ ಕಾಲ್ ಬುಕ್ ಮಾಡಿದೀನಿ. ಕಾಯಿರಿ ಅಂತಿದಾರೆ" ಎಂದ ಫೋನ್ ಆಪರೇಟರ್.

ಟ್ರಂಕ್ ಕಾಲ್ ಸಾಮಾನ್ಯ ದಿನಗಳಲ್ಲೂ ಸುಲಭವಾಗಿ ಸಿಗುತ್ತಿರಲಿಲ್ಲ. ಆದರೆ ನಿಯಮ ಬರೆದವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದಾಳಿಯ ಸೂಚನೆಯಿದ್ದು, ರಾಜಧಾನಿ ಉತ್ತರ ಕೊಡದಿದ್ದರೆ, ರಾಜಧಾನಿ ಇಲ್ಲವೆಂದೇ ತಿಳಿದು ನೆಲೆಯ ಕಮಾಂಡರ್ ತಾವೇ ತೀರ್ಮಾನಿಸಬೇಕು. ನಿಯಮ ಅಷ್ಟೇ ಇದ್ದದ್ದು.

"ತುಂಬಿಸಿ" ಎಂದರು ಕರ್ನಲ್.

ಬಿಸಿಲಿಗೆ ಕಾದ ತೊಟ್ಟಿಗೆ ಒಮ್ಮೆಲೇ ಆ ಚಳಿಯನ್ನು ಸುರಿದರೆ ಲೋಹ ಸೀಳುತ್ತದೆ. ಮೊದಲು ಸ್ವಲ್ಪ ಸ್ವಲ್ಪವೇ ಬಿಟ್ಟು ತಣಿಸಬೇಕು, ತಣಿದ ಮೇಲೆ ಹೊಳೆಯಂತೆ ಬಿಡಬಹುದು. ಆತುರಕ್ಕೆ ಅಲ್ಲಿ ಜಾಗವೇ ಇಲ್ಲ. ನಾನು ಕವಾಟದ ಚಕ್ರಗಳ ಮುಂದೆ ಕೂತು ಅದನ್ನೇ ಮಾಡಿದೆ. ಕೈ ಅಭ್ಯಾಸದ ಕೆಲಸ ಮಾಡುತ್ತಿತ್ತು. ತಲೆಯಲ್ಲಿ ಚಂಪಾಳ ಎರಡು ಜಡೆ, ಬೆಳಿಗ್ಗೆ ಅವಸರದಲ್ಲಿ ಒಂದಕ್ಕೆ ಮಾತ್ರ ರಿಬ್ಬನ್ ಕಟ್ಟಿ ಕಳಿಸಿದ್ದು, ಇಷ್ಟೇ ಸುತ್ತುತ್ತಿತ್ತು. ನನಗೆ ಭಯವಾಗಿತ್ತು.

"ಇನ್ನೂ ಬೇಗ ಆಗಲ್ವಾ ಮೇಡಂ?"

"ಆಗಲ್ಲ ಕರ್ನಲ್. ತೊಟ್ಟಿ ಸೀಳುತ್ತೆ."

ಅವರು ಕೀಲಿಯಿಂದ ಕೈ ತೆಗೆಯಲಿಲ್ಲ. ಆಪರೇಟರ್ ಮತ್ತೆ ಮತ್ತೆ ಟ್ರಂಕ್ ಎಕ್ಸ್‌ಚೇಂಜನ್ನು ಕೇಳುತ್ತಿದ್ದ. ಕಾದು ಕೂರುವುದು ಬಿಟ್ಟು ಉಳಿದ ಯಾರಿಗೂ ಬೇರೆ ಕೆಲಸವಿರಲಿಲ್ಲ. ಕೆಲಸವಿಲ್ಲದೆ ಕೂರಲು ಬಾರದ ಐತಾಳರು ಮೈಕಿನ ಹತ್ತಿರ ಬಂದು ಲೋಬೋ ಅವರನ್ನು ಮಾತಿಗೆಳೆದರು.

"ಬೆಳಿಗ್ಗೆಯಿಂದ ಮತ್ತೇನಾದರೂ ಕಂಡದ್ದುಂಟಾ?"

"ಇಲ್ಲ ಸರ್. ಹೋದ ತಿಂಗಳು ನಾವು ಉಪಗ್ರಹ ಹಾರಿಸಿದೆವಲ್ಲ, ಅದರ ಖಾಲಿ ಹಂತ ನಮ್ಮ ಠಾಣೆ ಶುರುವಾದ ಮೇಲೆ ಇವತ್ತು ಮೊದಲ ಸಲ ನಮ್ಮ ಮೇಲೆ ಹಾದುಹೋಗಬೇಕಿತ್ತು. ಅದೂ ಬರಲಿಲ್ಲ. ಬಿದ್ದು ಸುಟ್ಟುಹೋಗಿರಬೇಕು ಅಂತ ಕೈಬಿಟ್ಟೆವು."

ನಮ್ಮ ಕ್ಷಿಪಣಿಯ ಮೂತಿಗೆ ಸಿಡಿತಲೆಯ ಬದಲು ಪುಟ್ಟದೊಂದು ಉಪಗ್ರಹ ಕೂರಿಸಿ ಹಾರಿಸಿದ್ದು ನಿಜ. ಅದರ ಉರಿದು ಮುಗಿದ ತೊಟ್ಟಿಯೂ ಉಪಗ್ರಹದ ಹಿಂದೆಯೇ ಭೂಮಿಯನ್ನು ಸುತ್ತುತ್ತಿತ್ತು.

"ಎಷ್ಟು ಹೊತ್ತಿಗೆ ಬರಬೇಕಿತ್ತು ಅದು?"

"ಈಗ ಕಂಡದ್ದಕ್ಕಿಂತ ಅರ್ಧ ಗಂಟೆ ಮುಂಚೆ ಸರ್."

ಐತಾಳರ ಕಿವಿಗಳು ಕೆಂಪಗಾಗುವುದನ್ನು ನಾನು ನೋಡಿದೆ.

"ಸುಮಾರು ಅರ್ಧ ಗಂಟೆಯೋ, ಸರಿಯಾಗಿ ಅರ್ಧ ಗಂಟೆಯೋ? ನೋಡಿ ಹೇಳಿ ಮಾರಾಯ್ರೆ."

"ಸರಿಯಾಗಿ, ಸರ್."

ಐತಾಳರು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಕರ್ನಲ್, ಅದು ನಮ್ಮದೇ. ನಮ್ಮದೇ ಖಾಲಿ ತೊಟ್ಟಿ. ಕೈ ತೆಗೆಯಿರಿ."

ವಿಷಯ ಇಷ್ಟೇ. ಖಾಲಿ ಹಂತ ಎಲ್ಲಿ ಯಾವಾಗ ಹಾದುಹೋಗುತ್ತದೆಂದು ಲೆಕ್ಕ ಹಾಕಿದ್ದು ಹೊರದೇಶದಿಂದ ತರಿಸಿದ ಗಣಕಯಂತ್ರ. ಅದು ಗ್ರೀನಿಚ್ ಸಮಯದಲ್ಲಿ ಲೆಕ್ಕ ಮಾಡಿ, ಆಯಾ ದೇಶದ ಗಂಟೆಗಳನ್ನು ಕೂಡಿಸಿ ಕೊಡುತ್ತದೆ. ಅದನ್ನು ಮಾಡಿದವರ ಊರಿನ ಸುತ್ತ ಎಲ್ಲರದೂ ಇಡೀ ಗಂಟೆಗಳ ವ್ಯತ್ಯಾಸ. ನಮ್ಮದು ಐದೂವರೆ. ಯಂತ್ರಕ್ಕೆ ಆ 'ಅರೆ' ಹಿಡಿಸಿರಲಿಲ್ಲ, ಐದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಸದ್ದಿಲ್ಲದೆ ಕೈಬಿಟ್ಟಿತ್ತು. ನಮ್ಮ ಕಡೆಯವರು ಯಾರೂ ನೋಡಿರಲಿಲ್ಲ. ಹೀಗಾಗಿ ಖಾಲಿ ತೊಟ್ಟಿ ಬರಬೇಕಾದ ಹೊತ್ತಿಗೇ ಬಂದಿತ್ತು, ರಾಡಾರಿನವರು ಮಾತ್ರ ಅರ್ಧ ಗಂಟೆ ಮೊದಲೇ ಕಾದು ಬೇಸತ್ತು ಕೈಬಿಟ್ಟಿದ್ದರು.

ಲೋಬೋ ಅಲ್ಲಿ ಕೂತು, ಐತಾಳರು ಇಲ್ಲಿ ನಿಂತು ಲೆಕ್ಕವನ್ನು ಇನ್ನೊಮ್ಮೆ ಮಾಡಿದರು. ದಿಕ್ಕು, ಎತ್ತರ, ವೇಗ, ಎಲ್ಲ ಕೂಡಿಬಂತು. ಆಗ ನನ್ನ ಮುಂದಿನ ಮಾಪಕದ ಮುಳ್ಳು ತೊಟ್ಟಿ ಮುಕ್ಕಾಲು ತುಂಬಿದೆಯೆಂದು ತೋರಿಸುತ್ತಿತ್ತು. ಕರ್ನಲ್ ಕೀಲಿಯನ್ನು ಕಿಂಡಿಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳಲು ಹೋದರು. ಅದು ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ, ಎಲ್ಲರೂ ಅದನ್ನೇ ನೋಡುತ್ತ ನಿಂತೆವು.

ನಾವು ತೊಟ್ಟಿ ಬರಿದು ಮಾಡುತ್ತಿರುವಾಗ ಟ್ರಂಕ್ ಕಾಲ್ ಸಿಕ್ಕಿತು. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಏನಾದರೂ ಹೇಳಬೇಕಿತ್ತೇ ಎಂದು ಆ ಕಡೆಯ ಗುಮಾಸ್ತ ಕೇಳಿದನಂತೆ.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಬಾಗಿಲಲ್ಲಿ ಏಲಕ್ಕಿಯ ವಾಸನೆ. ಚಂಪಾ ಬಂದು ತೊಡೆಗೆ ಅಂಟಿಕೊಂಡಳು, ಎರಡೂ ಜಡೆಗೆ ರಿಬ್ಬನ್ ಇತ್ತು.

"ಶಾಲೆಯ ಕಿಟಕೀಲಿ ಹೊಗೆ ಕಾಣಿಸ್ತು" ಎಂದರು ರುದ್ರಮುನಿ. "ನಿನ್ನೆ ಡಂಗುರ ಹೊಡೆದಿರ್ಲಿಲ್ಲ. ಇದು ಅಭ್ಯಾಸ ಅಲ್ಲ ಅಂತ ಗೊತ್ತಾಯ್ತು. ಭಿನ್ನರಾಶಿ ಕಲಿತು ಸಾಯೋದಕ್ಕಿಂತ ಅಮ್ಮಂದಿರ ಹತ್ರ ಇರ್ಲಿ ಅಂತ ಮಕ್ಕಳನ್ನೆಲ್ಲ ಅವರವರ ಮನೆ ಮುಟ್ಟಿಸಿದೆ. ಆಮೇಲೆ ಇವಳನ್ನ ಕರ್ಕೊಂಡು ಮನೆಗೆ ಬಂದೆ."

"ಕೆರೆ ಏರಿಗೆ ಹೋಗ್ಲಿಲ್ವೇನ್ರೀ?"

"ಅಮ್ಮ ಒಪ್ಪಲಿಲ್ಲ."

ಅತ್ತೆ ಅಡುಗೆಮನೆಯಿಂದ ಬಟ್ಟಲು ಹಿಡಿದು ಬಂದರು. ಶಾವಿಗೆ ಪಾಯಸ. ಉಗಾದಿಗೆಂದು ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಗೋಡಂಬಿ, ದ್ರಾಕ್ಷಿ ಅಷ್ಟೂ ಅದರಲ್ಲಿತ್ತು. ತುಪ್ಪ ಮೇಲೆ ತೇಲುತ್ತಿತ್ತು.

"ಇನ್ನೊಂದು ಗಂಟೆ ಐತಲ್ಲ, ಸುಮ್ನೆ ಏರಿ ಹಿಂದೆ ಕುಕ್ಕರಗಾಲಾಗ್ ಕೂತು ಏನ್ ಮಾಡೋದು ಅಂತ ಒಲೆ ಹಚ್ಚಿದೆ. ಮಗೂಗೆ ಹೊಟ್ಟೆ ತುಂಬ ಬಡಿಸ್ದೆ. ಇವನೂ ಉಂಡ. ನಿನ್ ಪಾಲು ಎತ್ತಿಟ್ಟಿದೀನಿ, ತಿನ್ನು."

"ಅತ್ತೆ, ನಾನು ಬರ್ತೀನಿ ಅಂತ ನಿಮಗೆ ಹೆಂಗೆ ಗೊತ್ತಿತ್ತು?"

"ಗೊತ್ತಿರ್ಲಿಲ್ಲ. ಆದ್ರೂ ಎತ್ತಿಡೋದು ಎತ್ತಿಡಬೇಕಲ್ಲವ್ವ."

ನಾನು ಹೊಸ್ತಿಲ ಮೇಲೇ ಕೂತು ತಿಂದೆ. ಕಣ್ಣೀರು ಬಟ್ಟಲಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರುತ್ತಿದ್ದರು. ಹೊಸ ಎಂಜಿನ್ನಿಗೆ ಹೊಗೆಯಿಲ್ಲ, ತುಂಬಿಸುವ ಹೊತ್ತಿಲ್ಲ ಎಂಬುದು ನನಗೆ ಮೊದಲಿಂದಲೂ ಗೊತ್ತಿತ್ತು. ಅದಕ್ಕಾಗಿಯೇ ಅಲ್ಲವೇ ಅದನ್ನು ಮಾಡಿದ್ದು. ಆದರೆ ಅವತ್ತು ಹೊಸ ಎಂಜಿನ್ನು ಬಾವಿಯಲ್ಲಿ ನಿಂತಿದ್ದಿದ್ದರೆ ಐತಾಳರು ಮೈಕಿನ ಹತ್ತಿರ ಬರುವ ಮೊದಲೇ ಎಲ್ಲ ಮುಗಿದಿರುತ್ತಿತ್ತು. ರುದ್ರಮುನಿ ಭಿನ್ನರಾಶಿ ಕಲಿಸುತ್ತಲೇ ಇರುತ್ತಿದ್ದರು. ಸಮುದ್ರದಾಚೆಯ ಶಾಲೆಯಲ್ಲಿ ಯಾರು ಏನು ಕಲಿಸುತ್ತಿರುತ್ತಿದ್ದರೋ, ಅವರ ಹೆಸರೂ ನನಗೆ ಗೊತ್ತಿಲ್ಲ.

ಸಮಿತಿ ನೆಲೆಯ ಅತಿಥಿಗೃಹದಲ್ಲಿ ಸೇರಿತು. ರಾಜಧಾನಿಯಿಂದ ಬಂದ ಅಧ್ಯಕ್ಷರು, ಅವರ ಜೊತೆಯವರು, ಕರ್ನಲ್, ಐತಾಳರು, ನಾನು. ಎಂಜಿನ್ನು ಚೆನ್ನಾಗಿದೆ ಎಂದೇ ಹೇಳಿದೆ. ಅದರಲ್ಲಿ ಸುಳ್ಳು ಸೇರಿಸಲು ನನ್ನಿಂದ ಆಗಲಿಲ್ಲ. ಸೀಲು ಸೋರುತ್ತದೆ, ಆಮ್ಲ ತೊಟ್ಟಿಯನ್ನು ತಿನ್ನುತ್ತದೆ ಎಂದು ಏನಾದರೂ ಹೇಳಿ ತಪ್ಪಿಸಿಬಿಡು ಎಂದು ಹಿಂದಿನ ದಿನವೆಲ್ಲ ಮನಸ್ಸು ಪೀಡಿಸಿತ್ತು. ಆದರೆ ಸೋರುವುದಿಲ್ಲ, ತಿನ್ನುವುದಿಲ್ಲ. ನಾನೇ ಮಾಡಿದ್ದು, ನನಗೆ ಗೊತ್ತು.

"ಆದರೆ ಒಂದು ಬದಲಾವಣೆ ಬೇಕು" ಎಂದೆ. "ತೊಟ್ಟಿಗಳು ತುಂಬಿರಲಿ. ತೊಟ್ಟಿಗೂ ಎಂಜಿನ್ನಿಗೂ ನಡುವಿನ ಕೊಳವೆಯನ್ನು ಕಳಚಿ ಬೇರೆ ಕಡೆ ಇಡೋಣ. ಆಜ್ಞೆ ಬಂದ ಮೇಲೆ ತಂದು ಕೈಯಿಂದಲೇ ಜೋಡಿಸೋದು. ಅದಕ್ಕೆ ಒಂದು ಗಂಟೆ ಹಿಡಿಯುತ್ತೆ."

ಅಧ್ಯಕ್ಷರು ಕನ್ನಡಕ ತೆಗೆದರು. "ಇಷ್ಟು ವರ್ಷ ಕಷ್ಟಪಟ್ಟು ತೆಗೆದ ಗಂಟೆಯನ್ನ ಮತ್ತೆ ತಂದು ಕೂರಿಸಬೇಕು ಅಂತೀರಾ?"

"ಹೌದು ಸರ್."

ಯಾರೋ ನಕ್ಕರು. ನನಗೆ ಸಿಟ್ಟು ಬಂತು, ನುಂಗಿಕೊಂಡೆ.

"ಆ ಗಣಕಯಂತ್ರದ ಲೆಕ್ಕದ ತಪ್ಪನ್ನು ತಿದ್ದಿಯಾಗಿದೆ" ಎಂದರು ಐತಾಳರು ಮೆಲ್ಲಗೆ. "ಇನ್ನು 'ಅರೆ' ತಪ್ಪಿಹೋಗುವುದಿಲ್ಲ."

"ಅದೊಂದು ಸರಿಹೋಯ್ತು ಸರ್. ಮುಂದಿನ ತಪ್ಪು ಯಾವುದು ಅಂತ ನಿಮಗೆ ಗೊತ್ತಾ?"



ಕರ್ನಲ್ ಉತ್ತಯ್ಯ ನನ್ನನ್ನು ಹೀಯಾಳಿಸಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ. "ಮೇಡಂ, ಆಚೆಯವರಿಗೂ ನಮ್ಮ ಗಂಟೆಯ ವಿಷಯ ಗೊತ್ತು. ಗೊತ್ತಿರೋವರೆಗೂ ನಾವು ತುಂಬಿಸೋ ಮೊದಲೇ ಹೊಡೆದುಬಿಡೋಣ ಅನ್ನೋ ಆಸೆ ಅವರಿಗೆ ಇದ್ದೇ ಇರುತ್ತೆ. ನಮ್ಮ ಬಿಳಿ ಹೊಗೆ ನೋಡಿ ಹೆದರಿ ಹೊಡೆದರೂ ಹೊಡೀಬಹುದು. ನಾವು ಸದಾ ಸಿದ್ಧ ಅಂತ ಗೊತ್ತಾದ್ರೆ ಸುಮ್ಮನಿರ್ತಾರೆ. ನಿಮ್ಮ ಗಂಟೆ ನಮ್ಮನ್ನೂ ಕೊಲ್ಲಬಹುದು."

ಆ ಮಾತು ಸುಳ್ಳಲ್ಲ. ಅದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಪ್ರಶ್ನೆ.

"ಅವತ್ತು ಹೊಸ ಎಂಜಿನ್ ಇದ್ದಿದ್ರೆ ಕೀಲಿ ತಿರುಗಿಸ್ತಿದ್ರಾ ಕರ್ನಲ್?"

"ನಿಯಮದ ಪ್ರಕಾರ ತಿರುಗಿಸಬೇಕಿತ್ತು."

"ನಾನು ಕೇಳಿದ್ದು ನಿಯಮ ಅಲ್ಲ. ನೀವು?"

ಅವರು ತಮ್ಮ ಕೈಯನ್ನು ನೋಡಿಕೊಂಡರು.

"ತಿರುಗಿಸ್ತಿದ್ದೆ" ಎಂದರು. ಅದರ ಬೆನ್ನಿಗೇ, "ಆದರೂ ಹೊಸ ಎಂಜಿನ್ ಬೇಕು" ಎಂದರು.

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ರುಜು ಮಾಡಲಿಲ್ಲ. ಕೊಳವೆ ಬೇರೆ ಇಟ್ಟರೆ ಮಾಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ. ಮರುದಿನ ಐತಾಳರೇ ನನ್ನ ಜಾಗದಲ್ಲಿ ರುಜು ಹಾಕಿದರು. "ನಾನು ಹಾಕದಿದ್ದರೆ ಇನ್ನೊಬ್ಬ ಹಾಕ್ತಾನೆ ಮಾರಾಯ್ತಿ" ಎಂದರು. ಅದೂ ಸುಳ್ಳಲ್ಲ. ಕೆಲವು ದಿನಗಳಲ್ಲಿ ನನ್ನ ರಾಜೀನಾಮೆ ಒಪ್ಪಿಗೆಯಾಯಿತು. ದಾವಣಗೆರೆಗೆ ಹೋಗಿ ಆಸ್ಪತ್ರೆಗಳಿಗೆ ಆಮ್ಲಜನಕದ ಸಿಲಿಂಡರ್ ತುಂಬಿಸುವ ಕಾರ್ಖಾನೆ ಸೇರಿದೆ. ಅಲ್ಲಿಯೂ ನನ್ನದು ತುಂಬಿಸುವ ವಿಭಾಗವೇ.

ಕರೇಮರಡಿಗೆ ಮತ್ತೆ ಹೋದದ್ದು ಬಹಳ ವರ್ಷಗಳ ಮೇಲೆ, ಅತ್ತೆಯ ಹಟದಿಂದ. ತಿಪ್ಪಮ್ಮನ ಕಂಬಳಿ ಸವೆದುಹೋಗಿತ್ತು, ಪೇಟೆಯ ಕಂಬಳಿ ಅವರ ಮೈಗೆ ಒಗ್ಗುತ್ತಿರಲಿಲ್ಲ. "ಅವಳ ಕೈದೇ ಬೇಕು, ತಂದ್ರೆ ತಾ, ಇಲ್ದಿದ್ರೆ ಚಳೀಲೇ ಇರ್ತೀನಿ" ಎಂದು ಕೂತರು.

ಹಳ್ಳಿಯಲ್ಲಿ ತಿಪ್ಪಮ್ಮ ಇರಲಿಲ್ಲ, ಗುಡ್ಡದ ಕಡೆ ಹೋಗಿದ್ದಾಳೆಂದರು. ಹುಡುಕಿಕೊಂಡು ಹೋದೆ. ನೆಲೆಯ ತಂತಿಬೇಲಿಗೆ ಒತ್ತಿಕೊಂಡೇ ಕುರಿಗಳು ಮೇಯುತ್ತಿದ್ದವು. ಅವಳು ಬೇಲಿಯ ಕಂಬಕ್ಕೆ ಬೆನ್ನು ಕೊಟ್ಟು ಕದರಿನಲ್ಲಿ ಉಣ್ಣೆ ನೂಲುತ್ತ ಕೂತಿದ್ದಳು. ಮುದುಕಿಯಾಗಿದ್ದಳು. ಗುರುತು ಹಿಡಿದು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಬಾರವ್ವ, ಎಷ್ಟು ವರ್ಷ ಆತು! ನಿಮ್ಮತ್ತೆ ಚೆಂದಾಗವ್ರಾ?"

ಕಂಬಳಿಯ ಮಾತು, ಚಂಪಾಳ ಓದಿನ ಮಾತು ಆಯಿತು. ಆಮೇಲೆ ಅವಳು ಗುಡ್ಡದ ಕಡೆ ಕೈ ತೋರಿಸಿ ಸಮಾಧಾನದಿಂದ ಹೇಳಿದಳು.

"ನೀವು ಹೋದ್ಮೇಲೆ ನಿಲ್ಸೇಬಿಟ್ರು ಕಣವ್ವ. ಒಂದ್ ದಿನಾನೂ ಹೊಗೆ ಎದ್ದಿಲ್ಲ. ಡಂಗುರ ಇಲ್ಲ, ಏರಿ ಹಿಂದೆ ಓಡೋದಿಲ್ಲ. ನೀವೇ ಹೇಳಿ ನಿಲ್ಸಿದ್ರಂತೆ, ಅದ್ಕೇ ಕೆಲ್ಸ ಬಿಟ್ರಂತೆ, ಊರಾಗೆಲ್ಲ ಅಂತಾರೆ. ಒಳ್ಳೇ ಕೆಲ್ಸ ಮಾಡಿದ್ರಿ ತಾಯಿ."

ಹೂಂ ಎಂದುಬಿಡಬಹುದಿತ್ತು. ಬೇಲಿಯಾಚೆ ನೆಲಕ್ಕೆ ಸಮವಾಗಿ ಉಕ್ಕಿನ ಮುಚ್ಚಳಗಳು ಸಾಲಾಗಿ ಕಾಣುತ್ತಿದ್ದವು. ಒಂದರ ಮೇಲೆ ಯಾವುದೋ ಹಕ್ಕಿ ಕೂತಿತ್ತು.

"ನಿಲ್ಸಿಲ್ಲ ತಿಪ್ಪಮ್ಮ" ಎಂದೆ. "ಮೊದಲು ಒಂದಿತ್ತು. ಈಗ ಬಹಳ ಇದಾವೆ, ಅಲ್ಲೇ ನೆಲದೊಳಗೆ. ಅವಕ್ಕೆ ತುಂಬಿಸೋ ಕೆಲಸ ಇಲ್ಲ, ತುಂಬಿಸಿಯೇ ಇಟ್ಟಿರ್ತಾರೆ. ಅದಕ್ಕೇ ಹೊಗೆ ಬರಲ್ಲ."

ಕದರು ಅವಳ ಕೈಯಲ್ಲಿ ನಿಂತಿತು. ಆ ಮುಚ್ಚಳಗಳ ಕಡೆ ತಿರುಗಿದಳು.

"ಹಂಗಾರೆ ಹೊರಡೋ ಟೇಮು ಬಂದ್ರೆ ನಮಗೆ ಗೊತ್ತಾಗೋದು ಹೆಂಗವ್ವ?"

"ಗೊತ್ತಾಗಲ್ಲ."

ಕುರಿಗಳನ್ನು ಎಬ್ಬಿಸಿ ಏರಿಯ ಕಡೆ ಹೊಡೆಯುತ್ತಾಳೆಂದುಕೊಂಡೆ, ಹೊಡೆಯಲಿ ಎಂದು ಆಸೆಯೂ ಪಟ್ಟೆ. ಅವಳು ಕಂಬಕ್ಕೆ ಮತ್ತೆ ಬೆನ್ನು ಕೊಟ್ಟು ಕೂತು, ಕದರನ್ನು ತೊಡೆಯ ಮೇಲೆ ತೀಡಿ ತಿರುಗಿಸಿದಳು.

"ಎಲ್ಲಿಗಂತ ಹೊಡ್ಕೊಂಡ್ ಹೋಗ್ಲಿ" ಎಂದಳು. "ಈ ವರ್ಷ ಹುಲ್ಲಿರೋದು ಇಲ್ಲೊಂದೇ ಕಡೆ."